ಕಾಲು ಮುಂದಾಗಿ ಹುಟ್ಟಿದವಳು

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ತೊಗರಿ ರಾಶಿ ಮುಗಿದು ಹಿತ್ತಲಲ್ಲಿ ಕಟ್ಟಿಗೆ ಒಟ್ಟುವ ದಿನ ಬಂತೆಂದರೆ, ನರೋಣಾದ ನಮ್ಮ ಮನೆಗೆ ಟೊಂಕ ಹಿಡಿದುಕೊಂಡು ಬರುವವರು ತಪ್ಪಿದ್ದಲ್ಲ. ಬೋರಲು ಮಲಗುತ್ತಾರೆ, ಎಡಗಾಲಿನಿಂದ ಮೆಲ್ಲಗೆ ಒದೆಯುತ್ತೇನೆ, ಚಹಾ ಕುಡಿದು ಹೋಗುತ್ತಾರೆ. ಕೆಲವರಿಗೆ ವಾಸಿಯಾಗುತ್ತದೆ. ನಾನು ಒದ್ದದ್ದಕ್ಕೋ, ಅವರು ಎರಡು ದಿನ ಕೆಲಸ ಬಿಟ್ಟು ಮಲಗಿದ್ದಕ್ಕೋ, ಆ ಶಿವನೇ ಬಲ್ಲ.

ಹೋದ ವರ್ಷ ನನ್ನ ಗಂಡನೇ ಹಿತ್ತಲಲ್ಲಿ ಟೊಂಕ ಹಿಡಿದು ಬೋರಲು ಬಿದ್ದರು. ಇಬ್ಬರು ಎತ್ತುವ ಕಟ್ಟಿಗೆ ಹೊರೆಯನ್ನು ಒಬ್ಬರೇ, ಅದೂ ಮೊಣಕಾಲು ಮಡಚದೆ, ಬಗ್ಗಿ ತಿರುಗಿ ಎತ್ತಿದ್ದರು. ಬೇಡ ಅಂದರೆ ಕೇಳುವ ಜೀವವಲ್ಲ ಅದು.

ಅತ್ತೆ ಓಡಿ ಬಂದರು. "ನೋಡ್ಕೋತ ಯಾಕ ನಿಂತಿ ಬೇ? ಊರ ಮಂದಿಗೆಲ್ಲ ಒದಿತಿ, ಗಂಡಗ ಒದಿಯಾಕ ನಾಚಿಕಿ ಏನು?"

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಇಂಥಾ ಮೋಕಾ ಮತ್ತ ಸಿಗಂಗಿಲ್ರಿ ಅಕ್ಕಾ!" ಎಂದು ನಕ್ಕಳು. ನನಗೂ ನಗು ಬಂತು. ಸೆರಗು ಸಿಕ್ಕಿಸಿ ಕಾಲೆತ್ತಿದೆ.

ಆಗ ಅವರ ಬಲ ಹಿಮ್ಮಡಿ ಕಣ್ಣಿಗೆ ಬಿತ್ತು. ಬೆರಳುದ್ದದ ಕಟ್ಟಿಗೆಯ ಸಿಬಿರು ಒಳಗೆ ಹೊಕ್ಕಿತ್ತು. ರಕ್ತ ಸೋರುತ್ತಿತ್ತು.

"ಕಾಲಿಗಿ ಚುಚ್ಚ್ಯದಲ್ರಿ, ನೋಯವಲ್ದೇನು?"

"ಎಲ್ಲಿ? ಏನು ಚುಚ್ಚ್ಯದ?" ಎಂದರು.

ಎತ್ತಿದ ಕಾಲು ಕೆಳಗಿಟ್ಟೆ. ಪಾದ ಚಿವುಟಿದೆ. ಉಗುರು ಊರಿ ಗೀರಿದೆ. "ಒದಿಯೋದು ಒದಿ, ಮುಗೀಲಿ" ಎಂದು ಅವರು ಗೊಣಗುತ್ತಲೇ ಇದ್ದರು. ಅತ್ತೆಯೂ ಬಿಡಲಿಲ್ಲ. "ಒದಿಯಂಗಿಲ್ಲ!" ಎಂದು ನಾನು ಕಿರುಚಿದೆ. ಅತ್ತೆಯ ಎದುರು ದನಿ ಎತ್ತಿದ್ದು ಅದೇ ಮೊದಲು.

ಹಗ್ಗದ ಹೊರಸಿನ ಮೇಲೆ ಮಲಗಿಸಿ, ಹೊರಸಿನ ಸಮೇತ ಟೆಂಪೋಗೆ ಏರಿಸಿ ಆಳಂದಕ್ಕೆ ಒಯ್ದೆವು. ದಾರಿಯುದ್ದಕ್ಕೂ ಆ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಇನ್ನು ಈ ಕಾಲು ನೆಲ ಮುಟ್ಟದಿದ್ದರೆ ಎಂಬ ಭಯಕ್ಕೆ ಮತ್ತೆ ಮತ್ತೆ ಚಿವುಟಿ ನೋಡುತ್ತಿದ್ದೆ. ದವಾಖಾನೆಯಲ್ಲಿ ಸಿಬಿರು ಕಿತ್ತಾಗಲೂ ಅವರು ಮಿಸುಕಲಿಲ್ಲ. ಬೆನ್ನಿನ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ನಮ್ಮ ಒದೆಯುವ ಪದ್ಧತಿಯನ್ನೂ ಅವರಿಗೆ ಹೇಳಿದೆ. "ಟೊಂಕ ನೋವಿನ ಜೋಡಿ ಕಾಲು ಜೋಮು ಹಿಡಿದ್ರ ಯಾರೂ ಮುಟ್ಟಬಾರ್ದ್ರಿ. ಒಂದು ಒದಿ ಬಿದ್ದಿದ್ರ ಇವರು ಎದ್ದು ನಿಲ್ತಿದ್ದಿಲ್ಲೋ ಏನೋ. ಇನ್ನ ಮ್ಯಾಲ ಸಣ್ಣ ಹೊರಿ ಕಟ್ರಿ, ಕುಂತು ಎತ್ರಿ, ಎದಿಗಿ ಅವಚಿ ಹಿಡೀರಿ" ಎಂದರು. ನಾನು ನನ್ನ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡೆ.

ಔಷಧ, ಸೂಜಿ, ಮಲಗಿದಲ್ಲೇ ಊಟ. ದಿನಗಳು ಹೋದವು. ಪಾದ ಮಾತ್ರ ಕಲ್ಲಿನ ಹಾಗೇ ಇತ್ತು. ಒಂದು ಮುಂಜಾನೆ ಗಾಯಕ್ಕೆ ಔಷಧ ಹಚ್ಚುತ್ತಿದ್ದೆ. ಅವರು ಸಟ್ಟನೆ ಕಾಲೆಳೆದುಕೊಂಡರು.

"ಮೆಲ್ಲಕ ಬೇ! ಕಣ್ಣು ಕಾಣಂಗಿಲ್ಲೇನು? ಉರೀತದ!"

ಅಷ್ಟು ಬೈಸಿಕೊಂಡರೂ ಸಾಲಲಿಲ್ಲ. ಇನ್ನೊಂದು ಸಲ ಹಚ್ಚಿದೆ.