ಎರಡು ಆಲಗಳ ನಡುವೆ ಪೊನಿಜಾನ್
ಜಾವಾದ ಯೋಗ್ಯಕರ್ತ ನಗರದ ಹಳೆಯ ಅರಮನೆಯ ಹಿಂದಿನ ಬಯಲಿಗೆ ಪ್ರತಿ ಸಂಜೆ ಬರುವ ಮಹಾನುಭಾವನೊಬ್ಬ ಇದ್ದ. ಅವನೇ ಈಚೆಗೆ ತೀರಿಕೊಂಡ ನಮ್ಮ ಗೆಳೆಯ ಪೊನಿಜಾನ್. ತಲೆನೋವಿರಲಿ, ಹೆಂಡತಿಯ ಮುನಿಸಿರಲಿ, ಅವನದು ಒಂದೇ ಮದ್ದು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಯಲಿನ ಎರಡು ಮುದಿ ಆಲದ ಮರಗಳ ನಡುವೆ ದಾಟುವುದು. ದಾಟಿದವರ ಬಯಕೆ ಕೈಗೂಡುತ್ತದಂತೆ. ಅವನು ಮಾತ್ರ ಒಮ್ಮೆಯೂ ದಾಟಲಿಲ್ಲ. ಕಾವಲಿಗಿದ್ದ ಪೊಲೀಸಪ್ಪನ ಹೊಟ್ಟೆಯನ್ನೇ ಮರವೆಂದು ತಡವಿ, ಕೊನೆಗೆ ಬಯಲಂಚಿನಲ್ಲಿ ಸಾರು ಮಾರುವ ಲಸ್ತ್ರಿಯಕ್ಕನ ಗಾಡಿಗೇ ಡಿಕ್ಕಿ ಹೊಡೆಯುತ್ತಿದ್ದ. “ಮರ ಅಲ್ಲಿದೆ ಕಣೋ, ಇದು ನನ್ ಪಾತ್ರೆ” ಎಂದು ಅವಳು ಬೈದರೆ, “ಮರದಿಂದ ಇಂಥ ವಾಸ್ನೆ ಎಲ್ ಬರುತ್ತಕ್ಕಾ?” ಎನ್ನುತ್ತಿದ್ದ. ಅಳುಮೋರೆ ಹೊತ್ತು ಬಂದವರೂ ಹುಲ್ಲಿನ ಮೇಲೆ ಉರುಳಾಡಿ ನಗುತ್ತಿದ್ದರು. ಅವನು ಹೋದಮೇಲೆ ಬಯಲು ಸಪ್ಪೆಯಾಗಿತ್ತು. ನಿನ್ನೆ ಅವನ ಆ ಬಟ್ಟೆಯನ್ನು ನಾನು ಕಣ್ಣಿಗೆ ಕಟ್ಟಿಕೊಂಡೆ. ಸವೆದ ಬಟ್ಟೆಯೊಳಗಿಂದ ಎರಡೂ ಮರಗಳು ಸ್ಪಷ್ಟವಾಗಿ ಕಾಣುತ್ತಿದ್ದವು; ಅವನಿಗೂ ದಿನಾ ಕಂಡಿರಬೇಕು. ನೋಡಿಕೊಂಡೇ ಹೋಗಿ ಲಸ್ತ್ರಿಯಕ್ಕನ ಗಾಡಿಗೆ ಡಿಕ್ಕಿ ಹೊಡೆದೆ.