ಅಣ್ಣನ ಲ್ಯಾಡಲ್ ಸುತ್ತ ಕೆಂಪು ಚುಕ್ಕೆ

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಹೊಗಳುವುದೆಂದರೆ ಎಲ್ಲರಿಗೂ ಕೈ ಬಿಗಿ. ಆದರೂ ವೈನಿಯನ್ನು, ಅಂದರೆ ನನ್ನ ಅಣ್ಣನ ಹೆಂಡತಿಯನ್ನು, ಹೊಗಳದೆ ಇರುವುದು ನನ್ನಿಂದಾಗದು.

ಅಣ್ಣ ಶಿರೋಳಿಯ ಒಂದು ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಲ್ಯಾಡಲ್ ಎಂಬ ದೊಡ್ಡ ಸೌಟಿನಿಂದ ಅಚ್ಚಿಗೆ ಸುರಿಯುವವನು. ಹನಿ ಚೆಲ್ಲದ ಕೈ ಎಂದು ಅವನಿಗೆ ಹೆಸರು. ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಅಲ್ಲಿ ಲ್ಯಾಡಲ್ ತೊಳೆದು ಪೂಜೆ ಮಾಡಿ, ಒಳ್ಳೆಯ ಕೈಯವನೊಬ್ಬನ ಫೋಟೊವನ್ನು ಕುಲುಮೆಯ ಪಕ್ಕ ತೂಗುಹಾಕುತ್ತಾರೆ. ಈ ಸಲ ಅಣ್ಣನ ಸರದಿ. ಇಚಲಕರಂಜಿಯಲ್ಲಿ ಸ್ಟುಡಿಯೊ ಇಟ್ಟಿರುವ ವೈನಿಯೇ ಹೋಗಿ ಫೋಟೊ ತೆಗೆದರು.

ಪ್ರಿಂಟು ನೋಡಿದ ಜೊತೆಗಾರರು ನಕ್ಕರು. ಲ್ಯಾಡಲ್ ಬಾಯಿಯ ಸುತ್ತ ಕೆಂಪು ಚುಕ್ಕೆಗಳು! ಫೌಂಡ್ರಿಯವರಿಗೆ ಕೆಂಪು ಚುಕ್ಕೆ ಎಂದರೆ ಸಿಡಿದ ಕಬ್ಬಿಣವೇ.

"ಏನ್ರಿ ದಾದಾ, ಚೆಲ್ಲೇಬಿಟ್ರಲ್ರಿ!"

ಅಣ್ಣ ಆ ದಿನ ಉಣ್ಣಲಿಲ್ಲ. "ನಿನ್ನ ಕ್ಯಾಮೆರಾ ನನ್ನ ಮಾನ ಕಳೀತ ನೋಡು," ಎಂದ.

ವೈನಿ ಅಳಲಿಲ್ಲ, ಕನ್ನಡಕ ಹಾಕಿಕೊಂಡರು.

"ಬೆಳಕು ಮೂರು ನಮೂನಿ ಆಟ ಆಡ್ತೈತ್ರಿ. ಚಿತ್ರೆಲ್ಲಾ ಹಾಲ ಹೊಯ್ದಂಗ ಮಬ್ಬಾದ್ರ ಅದು ಫ್ಲೇರ್. ಉರಿ ಒಂದ್ ಕಡಿ ಇದ್ದು, ಅದರ ಹಸರ ಬಿಂಬ ನಡುವ ದಾಟಿ ಎದುರ ಕಡಿ ಕುಂತ್ರ ಅದು ಘೋಸ್ಟ್. ಇವು ನೋಡ್ರಿ, ಉರಿ ಸುತ್ತಾನ ಸಾಲಾಗಿ ಕುಂತಾವು, ಕಬ್ಬ ಹಚ್ಚಿದಂಗ. ಚೆಲ್ಲಿದ ಕಬ್ಬಿಣ ಸಾಲ ಹಿಡೀತೈತೇನ್ರಿ? ಇದು ಕ್ಯಾಮೆರಾ ಒಳಗಿನ ಸೆನ್ಸರ್ ಮ್ಯಾಲಿಂದ ಬೆಳಕ ಪುಟಿದು, ಲೆನ್ಸಿಗೆ ಬಡದು ಹೊಳ್ಳಿ ಬಂದದ್ದು."

"ನಾ ನಂಬ್ತೇನಿ. ಅವರು ನಂಬಬೇಕಲ್ಲ?" ಎಂದ ಅಣ್ಣ.

ಮರುದಿನ ವೈನಿ ಫೌಂಡ್ರಿಗೇ ಹೋದರು. ನಾನೂ ಬೆನ್ನುಹತ್ತಿದೆ. ಅಣ್ಣ ಸುರಿಯುವಾಗ, ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿ ಒಂದು ಫೋಟೊ, ಅಗಲ ಮಾಡಿ ಇನ್ನೊಂದು ತೆಗೆದರು. ಮೊದಲನೆಯದರಲ್ಲಿ ಅದೇ ಸಾಲು. ಎರಡನೆಯದರಲ್ಲಿ ಚುಕ್ಕೆಯ ಸುಳಿವೇ ಇಲ್ಲ; ಅಂದರೆ ಚುಕ್ಕೆ ಹುಟ್ಟಿದ್ದು ಕ್ಯಾಮೆರಾದಲ್ಲೇ. ಕೆಳಗಿನ ಮರಳಿನ ಮೇಲೂ ಒಂದು ಹನಿ ಬಿದ್ದಿರಲಿಲ್ಲ. ನಕ್ಕವರೆಲ್ಲ ಕ್ಯಾಮೆರಾದ ಪರದೆಗೆ ಮುಗಿಬಿದ್ದರು. ಆ ಸೆಕೆಯಲ್ಲಿ, ಸೆರಗು ಸಿಕ್ಕಿಸಿ ನಿಂತು ತಾಳ್ಮೆಯಿಂದ ಒಬ್ಬೊಬ್ಬರಿಗೂ ತೋರಿಸಿದ ವೈನಿಯನ್ನು ನೋಡಿ ನನಗೆ ಎದೆ ತುಂಬಿ ಬಂತು.

"ಹಳೇ ಫೋಟೊದಾಗಿನ ಚುಕ್ಕಿ ಕಂಪ್ಯೂಟರ್‌ನಾಗ ಅಳಸಿ ಕೊಡ್ಲೇನ್ರಿ?" ಎಂದು ಅಣ್ಣನನ್ನು ಕೇಳಿದರು.

"ಬ್ಯಾಡ. ಅಳಸಿದ್ರ ಚೆಲ್ಲಿದ್ದ ಮುಚ್ಯಾರ ಅಂತಾರ. ಹಂಗ ಇರ್ಲಿ. ಕೇಳಿದವರಿಗೆ ನಾನ ಹೇಳ್ತೇನಿ."

ಖಂಡೇನವಮಿಗೆ ಚುಕ್ಕೆಗಳ ಸಮೇತ ಅದೇ ಫೋಟೊ ಗೋಡೆಗೇರಿತು. ಅಣ್ಣ ಲ್ಯಾಡಲ್‌ಗೆ ಕುಂಕುಮ ಹಚ್ಚಿ, ಅದೇ ಬೆರಳಿನಿಂದ ವೈನಿಯ ಕ್ಯಾಮೆರಾಕ್ಕೂ ಹಚ್ಚಿದ.