ಅಣ್ಣ ಹೊಲಿದ ಸೈಕಲ್ಲು

ಐವತ್ತೆರಡನೆಯ ವಯಸ್ಸಿನಲ್ಲಿ ಹರಿದ್ವಾರದಿಂದ ಗಂಗೆಯ ದಂಡೆಗುಂಟ ಸೈಕಲ್ ತುಳಿಯುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ, ಮುಖ ಗಂಟು ಹಾಕಿಕೊಂಡ. ಗದಗದ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿದು ನನ್ನನ್ನು ಓದಿಸಿ ಶಾಲೆಯ ಟೀಚರ್ ಮಾಡಿದವನು ಅವನು. ಅವನ ಬಾಯಿಂದ ಒಂದು 'ಹೋಗಿ ಬಾ' ಬೇಕಿತ್ತು ನನಗೆ, ಅಷ್ಟೇ.

"ಬಸ್ಸಿಲ್ಲೇನು, ರೈಲಿಲ್ಲೇನು? ಮುಂಡರಗಿ ಶಾಲಿ ಅಕ್ಕಾರು ಸೈಕಲ್ ಮ್ಯಾಲೆ ಗಂಗವ್ವನ್ನ ನೋಡಾಕ ಹೊಂಟಾರ! ಮಂದಿ ಏನಂದಾರು?"

"ಅನ್ಲಿ ಬಿಡು. ಮಂದಿ ಬಂದು ನನ್ನ ಪೆಡಲ್ ತುಳೀತಾರೇನು?" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ.

ಸೈಕಲ್ ಆರಿಸಲು ತಿಂಗಳು ಹಿಡಿಯಿತು. ಗದಗದ ಅಂಗಡಿಯವನು ಮೊದಲು ಕೊಟ್ಟದ್ದು ತೆಳು ಗಾಲಿಯ, ಹಗುರವಾದ, ಥಳಥಳಿಸುವ ಸೈಕಲ್. ಒಂದು ದಿನ ತುಳಿದು ನೋಡ್ರಿ ಅಂದ. ಮುಂಡರಗಿಯಿಂದ ಸಿಂಗಟಾಲೂರಿನ ಕಡೆ ಹೊಲದ ದಾರಿ ಹಿಡಿದೆ. ಹಿಂದಿನ ದಿನ ಮಳೆಯಾಗಿತ್ತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದನ್ನೇ ಬಿಟ್ಟಿತು. ನನ್ನನ್ನು ಹೊರಬೇಕಾದ ಸೈಕಲ್ಲನ್ನು ನಾನೇ ಹೊತ್ತು ಬಂದೆ. ಕೊನೆಗೆ ಉಕ್ಕಿನದನ್ನೇ ತೆಗೆದುಕೊಂಡೆ. ಅಗಲ ಟೈರು, ಮಡ್‌ಗಾರ್ಡಿನ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗ, ಹಿಂದೆ ಗಟ್ಟಿ ಕ್ಯಾರಿಯರ್. ಭಾರವೇನೋ ಹೌದು, ಆದರೆ ಮುರಿದರೆ ಯಾವ ಊರಿನಲ್ಲಾದರೂ ವೆಲ್ಡಿಂಗ್ ಮಾಡಿಸಬಹುದು.

ಹೊರಡುವ ಹಿಂದಿನ ದಿನ, ವಿಮಾನದಲ್ಲಿ ಒಯ್ಯಲೆಂದು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗಾಲಿಗಳ ಗಾಳಿ ಇಳಿಸಿ ಸೈಕಲ್ಲನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಅಣ್ಣನಿಗೆ ಸುಮ್ಮನೆ ಕೂಡಲಾಗಲಿಲ್ಲ.

"ಇದೇನ್ ಕಟ್ಟೂದು? ವಿಮಾನದಾಗ ಎತ್ತಿ ಒಗದ್ರ ಹರದು ಹೋಗತೈತಿ. ಸರಿ ಅತ್ತಾಗ."

ಪೇಟೆಯಿಂದ ಗೋಣಿತಟ್ಟು ತಂದು ಪೆಟ್ಟಿಗೆಗೆ ಸುತ್ತಿ, ದಬ್ಬಣಕ್ಕೆ ಸುತಳಿ ಪೋಣಿಸಿ ಹೊಲಿಯುತ್ತ ಕೂತ. ಅದು ಅವನ ಕಿಸೆಯಲ್ಲಿ ಜೋಳದ ದಂಟಿನ ಬೆಂಡಿಗೆ ಚುಚ್ಚಿಕೊಂಡೇ ಇರುವ ದಬ್ಬಣ. ಚಿಕ್ಕಂದಿನಲ್ಲಿ ಅದನ್ನು ಮುಟ್ಟಿ ಪೆಟ್ಟು ತಿಂದಿದ್ದೆ; ದೂರ ಕೂತು ನೋಡಿಯೇ ಹೊಲಿಗೆ ಕಲಿತಿದ್ದೆ.

"ಅಣ್ಣಾ, ಅಲ್ಲಿ ಬಿಚ್ಚಿ ನೋಡ್ತಾರ" ಅಂದೆ.

"ನನ್ನ ಹೊಲಿಗಿ ಬಿಚ್ಚಾಂವ ಇನ್ನೂ ಹುಟ್ಟಿಲ್ಲ ತಗೋ."

ಹುಬ್ಬಳ್ಳಿಯ ವಿಮಾನ ನಿಲ್ದಾಣದ ಬಾಗಿಲಿನವರೆಗೂ ಬಂದ. ಕಿಸೆ ಮುಟ್ಟಿ ನೋಡಿಕೊಂಡು ಕೈ ಕೆಳಗಿಳಿಸಿದ. "ಜಲ್ದಿ ನಡಿ, ಹೊತ್ತಾತು" ಅಂದವನು ತಿರುಗಿ ನಡೆದೇಬಿಟ್ಟ. ನಮ್ಮಲ್ಲಿ ಸಂತೆಗೆ ಹೊರಟವರಿಗೂ 'ಹೋಗಿ ಬಾ' ಅನ್ನುತ್ತಾರೆ. ಸಿಟ್ಟು ಬಂತು, ಅಳುವೂ ಬಂತು.

ಒಳಗೆ ಸಾಮಾನು ತಪಾಸಣೆಯವರು ಬಗ್ಗಿದವರೇ ಮೂರು ಸಲ ಸೀನಿದರು.

"ಏನ್ರೀ ಇದರಾಗ?"

"ಸೈಕಲ್ರಿ."

"ಸೈಕಲ್ಲಿಗೆ ಇಷ್ಟು ಘಾಟೇನ್ರೀ? ಬಿಚ್ಚರಿ."

ಅಯ್ಯ, ನಮಗೆ ಹುಟ್ಟಿನಿಂದ ರೂಢಿಯಾದ ಮೆಣಸಿನಕಾಯಿ ಘಾಟು ಯಾರ ನೆನಪಿಗೂ ಬಂದಿರಲಿಲ್ಲ! ಅವರೇ ಕತ್ತರಿ ತಂದು ಒಂದು ಬದಿಯ ಹೊಲಿಗೆಯನ್ನು ಉದ್ದಕ್ಕೂ ಕತ್ತರಿಸಿದರು. ಸೈಕಲ್ ನೋಡಿ ನಕ್ಕು, "ಈಗ ಹೊಲ್ಕೊರಿ. ಬಾಯಿ ತೆರದ ಚೀಲ ವಿಮಾನಕ್ಕ ಹಾಕೂದಿಲ್ಲ" ಅಂದರು. ಹೊಲಿಯಲು ಏನಿದೆ ನನ್ನ ಹತ್ತಿರ? ಇನ್ನು ಹೋದ ಹಾಗೆಯೇ ಅಂದುಕೊಂಡೆ.

ತಟ್ಟು ಸರಿಸಿದಾಗ ಪೆಟ್ಟಿಗೆಯ ಮೇಲೆ ಒಂದು ಬೆಂಡು ಕಾಣಿಸಿತು. ಅದಕ್ಕೆ ಅಣ್ಣನ ದಬ್ಬಣ ಚುಚ್ಚಿತ್ತು. ಪಕ್ಕದಲ್ಲಿ ಸುತಳಿಯ ಎರಡು ಸುರುಳಿ. ಹೊಲಿಗೆಯ ಸಂದಿಯಿಂದ ಯಾವಾಗ ತುರುಕಿದ್ದನೋ! ಕಣ್ಣು ಮಂಜಾಗಿ ದಬ್ಬಣದ ಕಣ್ಣೇ ಕಾಣದಾಯಿತು. ನೆಲದ ಮೇಲೆ ಕೂತು ಹೊಲಿದೆ. ಸೊಟ್ಟಗಾಯಿತು, ಆದರೆ ಬಿಗಿಯಾಗಿತ್ತು. ಕೈಚೀಲದಲ್ಲಿ ದಬ್ಬಣ ಒಯ್ಯಲು ಬಿಡುವುದಿಲ್ಲವೆಂದು ಉಳಿದ ಸುರುಳಿಯ ಜೊತೆ ಅದನ್ನೂ ಸಂದಿಯಿಂದ ಒಳಕ್ಕೆ ತುರುಕಿದೆ.

ವಿಮಾನ ಹತ್ತುವ ಮುಂಚೆ ಅಣ್ಣನಿಗೆ ಫೋನ್ ಮಾಡಿದೆ.

"ಬಿಚ್ಚಿದ್ರೇನು?"

"ಬಿಚ್ಚಿದ್ರು. ನಾನೇ ಹೊಲದೆ. ಒಂದು ಸುರುಳಿ ಉಳದೈತಿ."

"ಅದು ತಿರುಗಿ ಬರೂ ಮುಂದ ಹೊಲ್ಯಾಕ" ಎಂದ. "ದಬ್ಬಣ ಕಳದುಗಿಳದೀಯ ಮತ್ತ. ಅದು ನಂದೈತಿ, ಮನಿಗೆ ತಂದು ನನ್ನ ಕೈಯಾಗ ಕೊಡು" ಅಂದ.